ಮೀಟಿಯರ್ ಅನ್ನು ನನ್ನ ಮೈಗೆ ಹೊಂದಿಸಿಕೊಂಡಿದ್ದು

ನನ್ನದು ರಾಯಲ್ ಎನ್‌ಫೀಲ್ಡ್‌ನ ಮೀಟಿಯರ್ 350 ಬೈಕ್, ಫೈರ್‌ಬಾಲ್ ಮಾಡೆಲ್. ತಗೊಂಡ ಮೇಲೆ ಮೊದಲ ಸಲ ಬೆಂಗಳೂರಿಂದ ಚಿಕ್ಕಮಗಳೂರಿಗೆ ಹೊರಟಾಗ, ಹಾಸನ ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು. ಸೀಟಿನ ಎತ್ತರ ಬರೀ 765 ಮಿ.ಮೀ. ಐದಡಿ ನಾಲ್ಕಿಂಚಿನ ನನಗೂ ಕಾಲು ಆರಾಮಾಗಿ ನೆಲಕ್ಕೆ ಎಟುಕುತ್ತದೆ. ಆದರೆ ಹ್ಯಾಂಡಲ್ ದೂರ. ಫುಟ್‌ರೆಸ್ಟ್ ಮುಂದಿರುವುದರಿಂದ ಹೊಂಡ ಬಂದಾಗ ಕಾಲೂರಿ ಏಳಲೂ ಕಷ್ಟ, ಪೆಟ್ಟೆಲ್ಲ ಬೆನ್ನಿಗೇ.

ವಾಪಸ್ ಬಂದು, ಬೆಂಗಳೂರಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋದೆ. ಅಲ್ಲಿ ಕಂಡದ್ದೆಲ್ಲ ಬೇಕು ಅನ್ನಿಸುತ್ತದೆ, ಅಲ್ವಾ? ನಾನು ಒಂದೇ ಕೊಂಡೆ: ಹ್ಯಾಂಡಲ್ ಅನ್ನು ಸ್ವಲ್ಪ ಮೇಲಕ್ಕೆತ್ತಿ ಹಿಂದಕ್ಕೂ ತರುವ ರೈಸರ್. ಒಂದು ಹಾಕಿ, ನಾಲ್ಕು ದಿನ ಓಡಿಸಿ, ಆಮೇಲೆ ಇನ್ನೊಂದು. ಇದು ನಾನು ಮೊದಲೇ ಮಾಡಿಕೊಂಡ ತೀರ್ಮಾನ.

ರೈಸರ್ ಕೂರಿಸುವುದು ಸುಲಭ, ನಾಲ್ಕು ಬೋಲ್ಟ್ ಅಷ್ಟೇ. ಕಷ್ಟ ಇರುವುದು ಕೇಬಲ್‌ಗಳಲ್ಲಿ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಇಂಜಿನ್ ಸದ್ದು ತಾನಾಗಿಯೇ ಏರಿತು! ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿ ಎಳೆಯುತ್ತಿತ್ತು. ಹಾಗೇ ರೋಡಿಗಿಳಿದು ಯೂ ಟರ್ನ್ ಹೊಡೆದಿದ್ದರೆ ಗಾಡಿ ಮುಂದಕ್ಕೆ ನುಗ್ಗುತ್ತಿತ್ತು. ಕೇಬಲ್‌ಗೆ ಕಟ್ಟಿದ್ದ ಟೈ ಕತ್ತರಿಸಿ, ದಾರಿ ಬದಲಿಸಿ, ಹೆಬ್ಬೆರಳಿನಷ್ಟು ಸಡಿಲ ಬಿಟ್ಟೆ. ಬ್ರೇಕ್ ಹೋಸ್, ಕ್ಲಚ್ ಕೇಬಲ್ ಎರಡನ್ನೂ ಹಾಗೇ ಎರಡೂ ಕಡೆ ತಿರುಗಿಸಿ ನೋಡಿದೆ. ನೂರು ಕಿಲೋಮೀಟರ್ ಆದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆ.

ಫಾಗ್ ಲೈಟಿನ ವಿಷಯದಲ್ಲಿ ಮಾತ್ರ ಅವಸರ ಮಾಡಿದೆ. ಹಾಕಿಕೊಟ್ಟವರು ಹೆಡ್‌ಲೈಟ್ ವೈರ್ ಸೀಳಿ ಅದರಿಂದಲೇ ಕರೆಂಟ್ ಕೊಟ್ಟಿದ್ದರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ, ದಟ್ಟ ಮಂಜಿನಲ್ಲಿ, ಫ್ಯೂಸ್ ಹೋಗಿ ಹೆಡ್‌ಲೈಟೂ ಆರಿತು. ಆ ಕತ್ತಲು ಇವತ್ತಿಗೂ ಮರೆತಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಗಾಡಿ ಬದಿಗೆ ತಳ್ಳಿದೆ.

ಎಲ್ಲ ಕಿತ್ತು ಮತ್ತೆ ಮಾಡಿಸಿದೆ. ಲೈಟ್‌ಗಳು ತಲಾ 40 ವ್ಯಾಟ್. ಎರಡೂ ಸೇರಿ 80, ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ 7 ಆಂಪಿಯರ್‌ಗಿಂತ ತುಸು ಕಡಿಮೆ. ಹಾಗಾಗಿ ಬ್ಯಾಟರಿಯಿಂದ ಬೇರೆ ದಪ್ಪ ವೈರ್, ಅದಕ್ಕೆ 10 ಆಂಪಿಯರ್ ಫ್ಯೂಸ್, ನಡುವೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಡಬ್ಬಿ. ಸ್ವಿಚ್‌ಗೆ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ. ಕೀ ಆಫ್ ಮಾಡಿದರೆ ಲೈಟೂ ಆಫ್. ಎದುರಿನಿಂದ ಗಾಡಿ ಬಂದಾಗ ನಾನೇ ಆರಿಸುತ್ತೇನೆ, ಅವರ ಕಣ್ಣೂ ಕಣ್ಣೇ.

ಸೈಲೆನ್ಸರ್ ಮುಟ್ಟಿಲ್ಲ. ಮೀಟಿಯರ್‌ನ ಆ ಮೆತ್ತನೆ ಸದ್ದೇ ನನಗಿಷ್ಟ. ಜಾಸ್ತಿ ಸದ್ದಿನದು ಹಾಕಿದರೆ ಕಾನೂನಿಗೂ ವಿರುದ್ಧ. ಹಿಂದಿನ ಟೈರೂ ಕಂಪನಿಯ 140/70-17 ಸೈಜೇ.

ಈಗ ಬ್ಯಾಕ್‌ರೆಸ್ಟ್ ಹುಡುಕುತ್ತಿದ್ದೇನೆ. ಮೀಟಿಯರ್‌ನದೇ ಇನ್ನೊಂದು ಮಾಡೆಲ್ ಸೂಪರ್‌ನೋವಾಗೆ ಅದು ಜೊತೆಗೇ ಬರುತ್ತದೆ, ನನ್ನದಕ್ಕೆ ಬರಲಿಲ್ಲ. ಈ ಸಲ ಅಂಗಡಿಗೆ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ. ಒರಗಿ ಕೂರುವವಳು ಅವಳು, ಅವಳೇ ಕೂತು ನೋಡಿ ಹೇಳಲಿ.