ಗೀಸರ್‌ಗೆ ಹೊಸ ಥರ್ಮೋಸ್ಟಾಟ್: ‘ಡೈರೆಕ್ಟ್’ ಮಾತ್ರ ಕೊಡಬೇಡಿ

ಚಳಿ ಶುರುವಾದರೆ ಹಳೆಯ ಗೀಸರ್‌ಗಳ ತಕರಾರೂ ಶುರು. ನೀರು ಕಾಯುವುದೇ ಇಲ್ಲ, ಇಲ್ಲವೇ ನಲ್ಲಿ ತಿರುಗಿಸಿದರೆ ಹಬೆ ನುಗ್ಗುತ್ತದೆ. ಬಹಳ ಮನೆಗಳಲ್ಲಿ ಇದಕ್ಕೆ ಸಿಗುವ ರಿಪೇರಿ ಒಂದೇ ಬಗೆಯದು. ಕವರ್ ಬಿಚ್ಚಿ, ನೀರು ಸಾಕಷ್ಟು ಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್‌ನ ಎರಡು ವೈರುಗಳನ್ನು ಒಟ್ಟಿಗೆ ಹೊಸೆದು ಟೇಪ್ ಸುತ್ತುತ್ತಾರೆ. ‘ಡೈರೆಕ್ಟ್ ಕೊಟ್ಟಿದೀನಿ, ಕಾದ ಮೇಲೆ ನೀವೇ ಆಫ್ ಮಾಡ್ಕೊಳ್ಳಿ’ ಎಂದು ಹೇಳಿ ಹೊರಡುತ್ತಾರೆ. ಮನೆಯವರು ಒಮ್ಮೆ ಮರೆತರೂ ನೀರು ಕುದಿದು ಟ್ಯಾಂಕಿನ ಒತ್ತಡ ಏರುತ್ತದೆ. ಸೇಫ್ಟಿ ವಾಲ್ವ್ ಸುಣ್ಣ ಕಟ್ಟಿ ಕೂತಿದ್ದರೆ ಟ್ಯಾಂಕ್ ಸಿಡಿಯಬಹುದು. ಥರ್ಮೋಸ್ಟಾಟ್ ದುಬಾರಿ ಸಾಮಾನಲ್ಲ. ಸರಿಯಾಗಿ ಕೂರಿಸಲು ತಾಳ್ಮೆ ಬೇಕು, ಅಷ್ಟೇ. ವೈರಿಂಗ್ ಕೆಲಸ ಹಿಂದೆ ಮಾಡಿಯೇ ಇಲ್ಲದವರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಈ ಲೇಖನ ಇಟ್ಟುಕೊಂಡು ಪಕ್ಕದಲ್ಲಿ ನಿಂತು ನೋಡಿ.

ಕೆಟ್ಟಿರುವುದು ಯಾವುದು?

ಕೆಂಪು ದೀಪ ಉರಿಯುತ್ತಿದೆ, ನೀರು ಮಾತ್ರ ತಣ್ಣಗಿದೆ ಎಂದರೆ ಸಾಮಾನ್ಯವಾಗಿ ಕಾಯಿಲ್ ಹೋಗಿರುತ್ತದೆ. ಪ್ಲಗ್‌ಗೆ ಕರೆಂಟ್ ಬರುತ್ತಿದ್ದೂ ಕೆಂಪು ದೀಪ ಹತ್ತದಿದ್ದರೆ ಥರ್ಮೋಸ್ಟಾಟ್ ಅಥವಾ ಕಟ್‌ಔಟ್ (ನೀರು ಮಿತಿ ಮೀರಿ ಕಾದರೆ ಕರೆಂಟ್ ಕಡಿಯುವ ಇನ್ನೊಂದು ಸುರಕ್ಷಾ ಸ್ವಿಚ್) ಮೇಲೆ ಅನುಮಾನ ಪಡಬೇಕು. ನೀರು ವಿಪರೀತ ಕಾದು, ಆಮೇಲೆ ಒಮ್ಮೆಲೇ ಎಲ್ಲ ನಿಂತುಹೋಗಿದ್ದರೆ ಥರ್ಮೋಸ್ಟಾಟ್‌ನ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಕಟ್‌ಔಟ್ ತನ್ನ ಕೆಲಸ ಮಾಡಿದೆ ಎಂದರ್ಥ. ಆಗ ಕಟ್‌ಔಟ್‌ನ ಪುಟ್ಟ ಬಟನ್ ಒತ್ತಿ ಮತ್ತೆ ಬಳಸುವುದು ತಪ್ಪು, ಥರ್ಮೋಸ್ಟಾಟ್ ಬದಲಿಸಲೇಬೇಕು. ಗೀಸರ್ ಹಾಕಿದ ಕೂಡಲೇ ಟ್ರಿಪ್ ಆದರೆ, ನೀರು ಮುಟ್ಟಿದರೆ ಜುಮ್ಮೆಂದರೆ, ಕಾಯಿಲ್‌ನಿಂದ ಕರೆಂಟ್ ಲೀಕೇಜ್ ಇರಬಹುದು. ಅದು ರಿಪೇರಿಯಾಗುವ ತನಕ ಗೀಸರ್ ಮುಟ್ಟಬೇಡಿ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಇನ್ನೊಂದು ಕಾರಣವಿದೆ. ಕಾಯಿಲ್ ಮೇಲೆ ಸುಣ್ಣ ದಪ್ಪಗೆ ಕಟ್ಟಿದರೆ ಶಾಖ ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಕಟ್‌ಔಟ್ ಪದೇ ಪದೇ ಬೀಳುತ್ತದೆ. ಅಂಥ ಕಡೆ ಟ್ಯಾಂಕ್ ಸರ್ವಿಸ್ ಮಾಡಿಸದೆ ಎಷ್ಟು ಥರ್ಮೋಸ್ಟಾಟ್ ಬದಲಿಸಿದರೂ ದಂಡ.

ಕರೆಂಟ್ ತೆಗೆಯುವುದು

ಗೀಸರ್ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುವುದುಂಟು, ಆಫ್ ಇದ್ದರೂ ಫೇಸ್, ಅಂದರೆ ಕರೆಂಟ್ ತರುವ ವೈರ್, ಗೀಸರಿನ ಒಳಗೆ ಜೀವಂತವಾಗಿಯೇ ಇರುತ್ತದೆ. ಎಂಸಿಬಿ (ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಪ್ಲಗ್ ಇಲ್ಲದೆ ನೇರ ಜೋಡಿಸಿದ್ದರೆ ಮೇನ್ ಸ್ವಿಚ್ಚೇ ಇಳಿಸಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಬೇರೆ ಪಾಯಿಂಟ್‌ನಲ್ಲಿ ಹೊತ್ತಿಸಿ ನೋಡಿ, ಕವರ್ ಬಿಚ್ಚಿದ ಮೇಲೆ ಒಳಗಿನ ವೈರ್ ತುದಿಗಳಿಗೆ ಇಡಿ. ಟೆಸ್ಟರ್ ಕೆಟ್ಟಿದ್ದರೂ ದೀಪ ಹತ್ತುವುದಿಲ್ಲ.

ಕವರ್ ಬಿಚ್ಚಿ. ಇಲ್ಲಿ ಜನ ಮಾಡುವ ದೊಡ್ಡ ಎಡವಟ್ಟೆಂದರೆ ಕಾಯಿಲ್ ಹಿಡಿದಿರುವ ದೊಡ್ಡ ತಟ್ಟೆಯ ನಟ್‌ಗಳನ್ನು ಸಡಿಲಿಸುವುದು. ಅದರ ಅಗತ್ಯವೇ ಇಲ್ಲ. ಥರ್ಮೋಸ್ಟಾಟ್‌ನ ಕಡ್ಡಿ ಕೂರುವ ಕೊಳವೆ ನೀರಿನ ಕಡೆಗೆ ಮುಚ್ಚಿರುತ್ತದೆ, ಟ್ಯಾಂಕ್ ತುಂಬಿದ್ದರೂ ಕಡ್ಡಿ ಹೊರಗೆಳೆಯಬಹುದು. ನಟ್ ಬಿಚ್ಚಿದರೆ ನೀರು ಮೈಮೇಲೆ ಸುರಿಯುತ್ತದೆ, ಗ್ಯಾಸ್ಕೆಟ್ಟೂ ಹಾಳು.

ಹೊಸದನ್ನು ಕೊಳ್ಳುವಾಗ

ಹಳೆಯದರ ವೈರ್ ಕೀಳದೆ, ಕಡ್ಡಿ ಹೊರಗೆಳೆದು ಅಳತೆ ಮತ್ತು ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಕಡ್ಡಿಯ ಉದ್ದ, ದಪ್ಪ ಒಂದೇ ಇರಬೇಕು. ಮೈಮೇಲೆ ಕನಿಷ್ಠ 16 ಆಂಪ್, 250 ವೋಲ್ಟ್ ಎಂದು ಬರೆದಿರಬೇಕು. ಏನೂ ಬರೆಯದ, ಪ್ಲಾಸ್ಟಿಕ್ ಚೀಲದ ಅಗ್ಗದ ಮಾಲು ಬೇಡವೇ ಬೇಡ. ಸಣ್ಣ ಅಯಸ್ಕಾಂತ ಒಯ್ದು ವೈರ್ ಕೂರುವ ಪಟ್ಟಿಗೆ ಹಿಡಿಯಿರಿ. ಅಂಟಿಕೊಂಡರೆ ಅದು ಹಿತ್ತಾಳೆಯಲ್ಲ, ಬಣ್ಣ ಕೊಟ್ಟ ಕಬ್ಬಿಣ.

ವೈರಿಂಗ್

ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ನಷ್ಟವಿಲ್ಲ. ಏನನ್ನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡು ಕಡೆಯಿಂದ ಫೋಟೊ ತೆಗೆಯಿರಿ. ಬಣ್ಣ ನಂಬಬೇಡಿ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎಂಬುದು ಗೋಡೆಯೊಳಗಿನ ವೈರಿಂಗ್ ಪದ್ಧತಿ. ಗೀಸರಿನ ಕಾರ್ಡಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್ ಇರುತ್ತದೆ. ಹಿಂದೆ ಯಾರೋ ರಿಪೇರಿ ಮಾಡಿದ್ದರೆ ಎರಡೂ ಕಲಸಿಹೋಗಿರಬಹುದು. ಪ್ರತಿ ವೈರಿಗೂ ಪೇಪರ್ ಟೇಪ್ ಅಂಟಿಸಿ ಸಂಖ್ಯೆ ಬರೆಯಿರಿ.

ಕರೆಂಟಿನ ದಾರಿ ಹೀಗಿರಬೇಕು: ಫೇಸ್ ಮೊದಲು ಕಟ್‌ಔಟ್‌ಗೆ, ಅಲ್ಲಿಂದ ಥರ್ಮೋಸ್ಟಾಟ್‌ಗೆ, ಅಲ್ಲಿಂದ ಕಾಯಿಲ್‌ಗೆ, ಕಾಯಿಲ್‌ನ ಇನ್ನೊಂದು ತುದಿಯಿಂದ ನ್ಯೂಟ್ರಲ್‌ಗೆ. ಕೆಲವು ಮಾದರಿಗಳಲ್ಲಿ ಕಟ್‌ಔಟ್‌ಗೆ ನಾಲ್ಕು ಟರ್ಮಿನಲ್ ಇರುತ್ತವೆ, ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಥರ್ಮೋಸ್ಟಾಟ್ ಫೇಸ್ ದಾರಿಯಲ್ಲೇ ಇರಬೇಕು. ನ್ಯೂಟ್ರಲ್ ಕಡೆ ಕೂತರೂ ನೀರು ಕಾಯುತ್ತದೆ, ದೀಪವೂ ಆರುತ್ತದೆ, ಹಾಗಾಗಿ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ದೀಪ ಆರಿದ ಮೇಲೂ ಕಾಯಿಲ್‌ನಲ್ಲಿ ಫೇಸ್ ನಿಂತಿರುತ್ತದೆ. ಸಾಕೆಟ್ಟಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೂ ಹೀಗೇ ಆಗುತ್ತದೆ. ಆದ್ದರಿಂದ ಎಂಸಿಬಿಯನ್ನು ಕ್ಷಣಹೊತ್ತು ಏರಿಸಿ ಸಾಕೆಟ್ಟನ್ನೂ ಪರೀಕ್ಷಿಸಿ. ಎದುರು ನಿಂತು ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ಫೇಸ್. ಟೆಸ್ಟರ್ ಎಡಗಡೆ ಹತ್ತಿದರೆ ಮೊದಲು ಸಾಕೆಟ್ ಸರಿಮಾಡಿಸಿ. ಆಮೇಲೆ ಎಂಸಿಬಿ ಮತ್ತೆ ಇಳಿಸಿ.

ಎಲ್ಲ ವೈರುಗಳನ್ನೂ ಒಮ್ಮೆಲೇ ಕಿತ್ತುಹಾಕಬೇಡಿ. ಹಳೆಯ ಥರ್ಮೋಸ್ಟಾಟಿನಿಂದ ಒಂದು ವೈರ್ ತೆಗೆದು ಹೊಸದರ ಅದೇ ಜಾಗಕ್ಕೆ ಹಾಕಿ, ಆಮೇಲೆ ಮುಂದಿನದು. ಕೆಂಪು ದೀಪದ ತೆಳು ವೈರ್ ಥರ್ಮೋಸ್ಟಾಟಿನಿಂದ ಕಾಯಿಲ್‌ಗೆ ಹೋಗುವ ಬದಿಯಲ್ಲಿ ಇರಬೇಕು.

2000 ವಾಟ್ ಗೀಸರ್ 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 9 ಆಂಪ್ ಎಳೆಯುತ್ತದೆ. ಇಷ್ಟು ಕರೆಂಟಿಗೆ ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಜಾಯಿಂಟ್ ಕಾದು ಕಪ್ಪಾಗುತ್ತದೆ. ಕಪ್ಪಾದ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಬರುವ ತನಕ ಸಿಪ್ಪೆ ಸುಲಿದು, ಲಗ್ (ವೈರಿನ ತುದಿಗೆ ಹಾಕುವ ಲೋಹದ ಹಿಡಿಕೆ) ಒತ್ತಿಸಿ ಬಿಗಿಮಾಡಿ. ಬಿಗಿಮಾಡಿದ ಮೇಲೆ ಪ್ರತಿ ವೈರನ್ನೂ ಎಳೆದು ನೋಡಿ. ಹೊಸ ವೈರ್ ಬೇಕಾದರೆ ಶಾಖ ತಡೆಯುವ ಸಿಲಿಕಾನ್ ಅಥವಾ ಫೈಬರ್‌ಗ್ಲಾಸ್ ಹೊದಿಕೆಯದೇ ಆಗಬೇಕು. ಮನೆ ವೈರಿಂಗಿನ ಪಿವಿಸಿ ವೈರು, ಇನ್ಸುಲೇಷನ್ ಟೇಪು ಇವೆರಡನ್ನೂ ಗೀಸರಿನೊಳಗೆ ತರಲೇಬೇಡಿ. ಶಾಖಕ್ಕೆ ವೈರಿನ ಸಿಪ್ಪೆ ಮೆತ್ತಗಾಗುತ್ತದೆ, ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಕಡ್ಡಿ ಕೊಳವೆಯ ತಳ ಮುಟ್ಟುವ ತನಕ ಹೋಗಬೇಕು. ಅರ್ಧಕ್ಕೆ ನಿಂತರೆ ನೀರಿನ ಬಿಸಿ ಅದಕ್ಕೆ ತಡವಾಗಿ ತಿಳಿಯುತ್ತದೆ, ನೀರು ಮಿತಿ ಮೀರಿ ಕಾಯುತ್ತದೆ. ತೆಳು ತಾಮ್ರದ ನಳಿಕೆ ಇರುವ ಬಗೆಯಾದರೆ ಅದನ್ನು ಚೂಪಾಗಿ ಮಡಚಬೇಡಿ, ಟರ್ಮಿನಲ್‌ಗೆ ತಾಗಲು ಬಿಡಬೇಡಿ. ಅರ್ಥ್ ವೈರ್ ಟ್ಯಾಂಕಿನ ಬೋಲ್ಟಿಗೆ ಬಿಗಿಯಾಗಿದೆಯೇ ಎಂದು ಕವರ್ ಹಾಕುವ ಮುನ್ನ ಮತ್ತೊಮ್ಮೆ ನೋಡಿ.

ಚಾಲೂ ಮಾಡುವಾಗ

ಮೊದಲು ಬಿಸಿನೀರಿನ ನಲ್ಲಿ ತೆರೆದು ನೀರು ಬುಸುಗುಡದೆ ಧಾರೆಯಾಗಿ ಬರಲಿ, ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟೀತು. ನಾಬ್ 60 ಡಿಗ್ರಿಯಲ್ಲಿಡಿ. ಅದಕ್ಕಿಂತ ಮೇಲೆ ಸುಣ್ಣ ಬೇಗ ಕಟ್ಟುತ್ತದೆ, ತೀರಾ ಕಡಿಮೆ ಇಟ್ಟರೆ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60 ಡಿಗ್ರಿಯ ನೀರು ಮೈ ಸುಡುತ್ತದೆ, ಮಕ್ಕಳಿಗೆ ತಣ್ಣೀರು ಬೆರೆಸಿಯೇ ಕೊಡಿ.

25 ಡಿಗ್ರಿಯ ನೀರು 60ಕ್ಕೆ ಏರಲು 15 ಲೀಟರಿನ 2000 ವಾಟ್ ಗೀಸರಿಗೆ ಸುಮಾರು 20 ನಿಮಿಷ, 25 ಲೀಟರಿನದಕ್ಕೆ ಅರ್ಧ ಗಂಟೆ ಸಾಕು. ಅಲ್ಲಿಯೇ ನಿಂತು ಕಾಯಿರಿ. ದೀಪ ತಾನಾಗಿ ಆರಬೇಕು, ಒಂದಿಷ್ಟು ಬಿಸಿನೀರು ಬಿಟ್ಟರೆ ಮತ್ತೆ ಹತ್ತಬೇಕು. ಮುಕ್ಕಾಲು ಗಂಟೆಯಾದರೂ ಆರದಿದ್ದರೆ ಆಫ್ ಮಾಡಿ, ಎಂಸಿಬಿ ಇಳಿಸಿ, ಕಡ್ಡಿ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಕೊನೆಗೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಅದರ ಪಿನ್ನುಗಳನ್ನು ನೋಡಿ. ಕಪ್ಪಾಗಿದ್ದರೆ, ಪ್ಲಗ್ಗಿನ ಮೈ ಕೈಗೆ ಸುಡುವಷ್ಟು ಬಿಸಿಯಿದ್ದರೆ, ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಅಂದೇ ಬದಲಿಸಿ.