ಗಾಣದ ಎಣ್ಣೆ ಹಿಟ್ಟಿನ ಗಿರಣಿಯಲ್ಲಿ ಮಾರಾಟವಾಯ್ತು

ತುಮಕೂರಲ್ಲಿ ಮರದ ಗಾಣ ಹಾಕಿದವರಿಗೆಲ್ಲ ಗೊತ್ತು, ಎಣ್ಣೆ ತೆಗೆಯೋದು ಕಷ್ಟವಲ್ಲ, ಮಾರೋದು ಕಷ್ಟ. ಮೊದಲು ನಾನೂ ಅಂಗಡಿಗಳಿಗೇ ಹಾಕುತ್ತಿದ್ದೆ. ಲೆಕ್ಕ ನೋಡಿ. ಒಂದು ಲೀಟರ್ ಕಡ್ಲೆಕಾಯಿ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕೆಜಿ ಬೀಜ ಬೇಕು. ಚಳ್ಳಕೆರೆ ಕಡೆಯಿಂದ ತರಿಸಿದರೆ ಸುಮಾರು 325 ರೂಪಾಯಿ. ಹಿಂಡಿ ಮಾರಿ 60 ವಾಪಸ್. ಬಾಟಲಿ, ಕರೆಂಟು, ಕೂಲಿಗೆ 50. ಅಲ್ಲಿಗೆ ಅಸಲೇ 315. ಎಂಆರ್‌ಪಿ 400ರಲ್ಲಿ ಅಂಗಡಿಯವರು ನೂರಕ್ಕೆ ಇಪ್ಪತ್ತು ಹಿಡಿದರೆ ನನಗೆ ಉಳಿಯೋದು ಐದು ರೂಪಾಯಿ! ಅದೂ ಎರಡು ತಿಂಗಳ ಸಾಲ. ಒಂದು ಅಂಗಡಿಯವರಂತೂ ಬಿಸಿಲಲ್ಲಿ ಇಟ್ಟು ಕಮಟು ವಾಸನೆ ಬಂದ ಬಾಟಲಿಗಳನ್ನು ನನಗೇ ವಾಪಸ್ ಕೊಟ್ಟರು.

ನಡುವೆ 340ಕ್ಕೂ ಮಾರಿ ನೋಡಿದೆ. ವ್ಯಾಪಾರ ಇನ್ನೂ ಬಿತ್ತು. ಬೀಜದ ರೇಟು ಗೊತ್ತಿರೋ ಹೆಂಗಸರು "ಇಷ್ಟು ಕಡಿಮೆಗೆ ಹೇಗೆ ಕೊಡ್ತೀರಿ, ಪಾಮಾಯಿಲ್ ಬೆರೆಸ್ತೀರಾ?" ಅಂತ ನೇರವಾಗೇ ಕೇಳಿದರು.

ಆಮೇಲೆ ಹಿಟ್ಟಿನ ಗಿರಣಿಯಲ್ಲಿ ಎಣ್ಣೆ ಇಡೋಕೆ ಶುರುಮಾಡಿದೆ. ರಾಗಿ ಬೀಸಿಸಲು ಬಂದವರು ಸರದಿಗಾಗಿ ಸುಮ್ನೆ ನಿಂತಿರುತ್ತಾರೆ, ಅಲ್ವಾ? ಅಲ್ಲೊಂದು ಬೋರ್ಡ್ ತೂಗುಹಾಕಿ ಬೀಜಕ್ಕೆಷ್ಟು, ಹಿಂಡಿಯಿಂದೆಷ್ಟು, ಗಿರಣಿಯವರಿಗೆಷ್ಟು, ನನಗೆಷ್ಟು ಅಂತ ಪೂರ್ತಿ ಲೆಕ್ಕ ಬರೆಸಿದೆ. ಬೆಲೆ 400ಕ್ಕೇ ನಿಲ್ಲಿಸಿದೆ. ಬಾಮೈದ ನಕ್ಕ: "ಗಿರಣೀಲಿ ಎಣ್ಣೆ ಯಾರು ತಗೋತಾರೆ ಭಾವ? ಮೇನ್ ರೋಡಲ್ಲಿ ಮಳಿಗೆ ಹಿಡೀರಿ." ಆ ಮಳಿಗೆಗೆ ಕೇಳಿದ ಅಡ್ವಾನ್ಸಲ್ಲಿ ಇನ್ನೊಂದು ಗಾಣ ಬರುತ್ತಿತ್ತು.

ಶುರುವಿನಲ್ಲಿ ಪಜೀತಿ. ಹಿಟ್ಟಿನ ಧೂಳು ಬಾಟಲಿ ಮೇಲೆ ಕೂತು ಲೇಬಲ್ಲೇ ಕಾಣದು. ಮುಟ್ಟಿದರೆ ಜಿಡ್ಡಿಗೆ ಅಂಟಿಕೊಂಡ ಹಿಟ್ಟು ಉಂಡೆ ಉಂಡೆ. ಗಾಜಿನ ಬಾಗಿಲಿನ ಪೆಟ್ಟಿಗೆ ಮಾಡಿಸಿ, ಮೆಣಸಿನಕಾಯಿ ಕುಟ್ಟುವ ಮಿಷನ್ನಿನಿಂದ ದೂರ ಇಟ್ಟ ಮೇಲೆ ಸರಿಹೋಯ್ತು. 200 ಮಿಲಿ ಬಾಟಲಿಯನ್ನೂ ಇಟ್ಟೆ. ಅದರಲ್ಲಿ ಲಾಭ ಇಲ್ಲ, ಆದರೆ ಒಗ್ಗರಣೆಗೆ ಹಾಕಿ ನೋಡಿದವರು ಮುಂದಿನ ಸಲ ಲೀಟರ್ ಕೇಳುತ್ತಾರೆ. ಗಿರಣಿಯವರಿಗೆ ಲೀಟರಿಗೆ 25 ರೂಪಾಯಿ, ವಾರದ ಲೆಕ್ಕ, ಸಾಲದ ಮಾತೇ ಇಲ್ಲ. ನನಗೆ 60 ಉಳಿಯುತ್ತೆ.

ಈಗ ಆರೇಳು ಗಿರಣಿಗಳಿಗೆ ಹಾಕ್ತೀನಿ, ತಿಂಗಳಿಗೆ ಹತ್ತಿರ ಹತ್ತಿರ ಐನೂರು ಲೀಟರ್. ಎಂಥ ಗಿರಣಿ ಆರಿಸಬೇಕು ಅನ್ನೋದಕ್ಕೆ ನನ್ನದೇ ಒಂದು ಗುರುತಿದೆ, ಅದನ್ನು ಮಾತ್ರ ಹೇಳಲ್ಲ. ಎಣ್ಣೆಯ ಮಡ್ಡಿ ತಳಕ್ಕೆ ಇಳಿಯೋಕೆ ಎಷ್ಟು ದಿನ ಬಿಡ್ತೀನಿ ಅನ್ನೋದನ್ನೂ ಹೇಳಲ್ಲ.

ತಿಪಟೂರಿನ ಕೊಬ್ಬರಿ ತಂದು ಕೊಬ್ಬರಿ ಎಣ್ಣೆಯನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟು ನೋಡಿದೆ. ಚಳಿಗೆ ಗಟ್ಟಿಯಾಗಿ "ಇದೇನು ಡಾಲ್ಡಾನಾ?" ಅಂತ ಕೇಳಿದವರೇ ಜಾಸ್ತಿ. ಈ ಬೇಸಿಗೆಗೆ ಅಗಲ ಬಾಯಿಯ ಡಬ್ಬಿಯಲ್ಲಿ ಮತ್ತೆ ಇಡ್ತೀನಿ. ಬಾಮೈದ ಇದಕ್ಕೂ ನಗ್ತಿದ್ದಾನೆ. ಆದರೆ ಅವನ ಮನೆ ಹತ್ತಿರದ ಗಿರಣಿಗೆ ಬಾಟಲಿ ಇಳಿಸೋದು ಈಗ ಅವನೇ.