ಮನೇಲಿ ಎಚ್‌ಎಂಪಿವಿ ಬಂದ್ರೆ ಏನ್ ನೋಡ್ಬೇಕು, ಏನ್ ಮಾಡ್ಬೇಕು

2025ರ ಜನವರೀಲಿ ಬೆಂಗ್ಳೂರಲ್ಲಿ ಎರಡು ಹಸುಗೂಸಿಗೆ ಎಚ್‌ಎಂಪಿವಿ (ಹ್ಯೂಮನ್ ಮೆಟಾನ್ಯುಮೋವೈರಸ್, ಶೀತ-ಕೆಮ್ಮು ತರೋ ಒಂದು ವೈರಸ್) ಅಂತ ರಿಪೋರ್ಟ್ ಬಂದಿದ್ದೇ ತಡ, ವಾಟ್ಸಾಪ್‌ನಲ್ಲಿ ಮಾತು ಲಾಕ್‌ಡೌನ್ ತನಕ ಹೋಗ್ಬಿಡ್ತು. ಆ ಮಕ್ಕಳು ಫಾರಿನ್‌ಗೆ ಹೋಗಿದ್ದೇ ಇಲ್ಲ, ಅಂದ್ರೆ ವೈರಸ್ ಇಲ್ಲೇ ಇತ್ತು. ಇದೇನ್ ಹೊಸ ವೈರಸ್ ಅಲ್ಲ, 2001ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಕಂಡುಹಿಡಿದ್ರು, ಅದಕ್ಕೂ ಎಷ್ಟೋ ವರ್ಷ ಮುಂಚಿಂದ ಓಡಾಡ್ಕೊಂಡಿತ್ತು, 5 ವರ್ಷ ತುಂಬೋದ್ರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಒಂದ್ಸಲ ಬಂದೋಗಿರತ್ತೆ, ನಾವು ಶೀತ ಅಂದ್ಕೊಂಡು ಸುಮ್ನಾಗಿರ್ತೀವಿ.

ವೈರಸ್ ಹತ್ತಿ 3ರಿಂದ 6 ದಿನಕ್ಕೆ ಮೂಗು ಸೋರೋದು, ಕೆಮ್ಮು, ಜ್ವರ ಶುರು. ನೋಡಿದ್ ತಕ್ಷಣ ಇದು ಫ್ಲೂನೋ ಕೋವಿಡ್ಡೋ ಆರ್‌ಎಸ್‌ವಿನೋ (ಕೂಸುಗಳಿಗೆ ಬರೋ ಇನ್ನೊಂದು ಉಸಿರಾಟದ ವೈರಸ್) ಅಂತ ಹೇಳೋಕೆ ಡಾಕ್ಟರ್‌ಗೂ ಆಗಲ್ಲ, ಪಿಸಿಆರ್ ಟೆಸ್ಟೇ ಬೇಕು, ಆದ್ರೆ ಎಚ್‌ಎಂಪಿವಿಗೆ ಅಂತಲೇ ಔಷಧಿನೂ ಇಲ್ಲ ಲಸಿಕೆನೂ ಇಲ್ಲ, ಹಾಗಾಗಿ ಆಡ್ಕೊಂಡಿರೋ ಮಗೂಗೆ ಒಂದೇ ಸಲ ಬೇರೆ ಬೇರೆ ವೈರಸ್ ಹುಡುಕೋ ಸಾವಿರಾರು ರೂಪಾಯಿ ಪ್ಯಾನಲ್ ಟೆಸ್ಟ್ ಮಾಡ್ಸೋದ್ರಲ್ಲಿ ನಂಗಂತೂ ಅರ್ಥ ಕಾಣಲ್ಲ. ಅಡ್ಮಿಟ್ ಆಗೋ ಹಂಗಿದ್ರೆ ಡಾಕ್ಟರೇ ಹೇಳ್ತಾರೆ.

ಮನೇಲಿ ಕಲೀಬೇಕಾಗಿರೋದು ಉಸಿರು ಎಣಿಸೋದು. ಮಗು ಮಲಗಿದ್ದಾಗ ಇಲ್ಲಾ ಅಳದೇ ಸುಮ್ನಿದ್ದಾಗ ಅಂಗಿ ಎತ್ತಿ, ಮೊಬೈಲ್‌ನಲ್ಲಿ ಟೈಮರ್ ಇಟ್ಟು, ಹೊಟ್ಟೆ ಎಷ್ಟ್ ಸಲ ಮೇಲೇಳತ್ತೆ ನೋಡಿ, ಪೂರ್ತಿ ಒಂದ್ ನಿಮಿಷ ಎಣಿಸ್ಬೇಕು, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು ಬೇಡ, ಯಾಕಂದ್ರೆ ಕೂಸುಗಳ ಉಸಿರು ಒಂದೇ ಸಮ ಇರಲ್ಲ. 2 ತಿಂಗಳೊಳಗಿನ ಕೂಸಿಗೆ 60, 2ರಿಂದ 12 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಬಂದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ. ಉಸಿರು ತಗೊಂಡಾಗ ಪಕ್ಕೆಲುಬಿನ ಕೆಳಗಡೆ ಗುಳಿ ಬೀಳ್ತಿದ್ರೆ, ಮೂಗಿನ ಹೊಳ್ಳೆ ಅರಳ್ತಿದ್ರೆ, ಪ್ರತಿ ಉಸಿರಿಗೂ ನರಳ್ತಿದ್ರೆ, ತುಟಿ ನೀಲಿ ಆದ್ರೆ ಅಥವಾ ಮಧ್ಯೆ ಉಸಿರು ನಿಂತಂಗಾದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಹಾಲು ಅರ್ಧಕ್ಕರ್ಧ ಬಿಟ್ಬಿಟ್ಟಿದೆ, ಏಳೆಂಟು ಗಂಟೆಯಿಂದ ಉಚ್ಚೆ ಮಾಡಿಲ್ಲ ಅಂದ್ರೂ ತೋರಿಸ್ಲೇಬೇಕು. 3 ತಿಂಗಳೊಳಗಿನ ಕೂಸಿಗೆ ಬರೀ ಜ್ವರ ಬಂದ್ರೂ ಅಷ್ಟೇ.

ಇದ್ಯಾವ್ದೂ ಇಲ್ಲ ಅಂದ್ರೆ ಮನೇಲೇ ಸಾಕು. ಮೂಗು ಕಟ್ಟಿದ್ರೆ ಹಾಲು ಕುಡಿಸೋಕೆ ಮುಂಚೆ ಮೂಗಿಗೆ ಸಲೈನ್ (ಉಪ್ಪುನೀರಿನ) ಡ್ರಾಪ್ಸ್, ಸ್ವಲ್ಪ ಸ್ವಲ್ಪ ಹಾಲು ಪದೇ ಪದೇ, ಜ್ವರಕ್ಕೆ ತೂಕ ನೋಡಿ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್. ಮಿಕ್ಕಿರೋ ಆಂಟಿಬಯಾಟಿಕ್ ಬಾಟ್ಲು ತೆಗೀಬೇಡಿ, ವೈರಸ್‌ಗೆ ಅದು ಕೆಲ್ಸಾನೇ ಮಾಡಲ್ಲ, ಮೆಡಿಕಲ್ ಶಾಪ್‌ನಲ್ಲಿ ಕೇಳಿ ಕೆಮ್ಮಿನ ಸಿರಪ್ ತರೋದಂತೂ ಬೇಡ್ವೇ ಬೇಡ. ಇನ್ನು ಅಜ್ಜಿಯಂದಿರು ಬೇಜಾರ್ ಮಾಡ್ಕೋಬಾರ್ದು, ಮೂಗಿಗೆ ಎಣ್ಣೆ ಬಿಡೋದು ಬೇಡ, ಅದು ಶ್ವಾಸಕೋಶಕ್ಕೆ ಇಳಿದ್ರೆ ಅದೇ ಒಂದು ನ್ಯುಮೋನಿಯಾ. ಒಂದು ವರ್ಷ ತುಂಬೋವರೆಗೂ ಜೇನುತುಪ್ಪ ನೆಕ್ಕಿಸ್ಬಾರ್ದು, ಸ್ನಾನ ಆದ್ಮೇಲೆ ಹಾಕೋ ಸಾಂಬ್ರಾಣಿ ಹೊಗೆನೂ ಕೆಮ್ಮಿರೋಷ್ಟು ದಿನ ನಿಲ್ಲಿಸಿ. ಬೇಕಾದ್ರೆ ಪರಿಮಳಕ್ಕೆ ದೇವರ ಮನೇಲಿ ಹಾಕ್ಕೊಳ್ಳಿ, ಬಾಗ್ಲು ಹಾಕ್ಕೊಂಡು.

ಮನೆಯೊಳಗೆ ಹರಡೋದು ಸಾಮಾನ್ಯವಾಗಿ ಸ್ಕೂಲಿಗೆ ಹೋಗೋ ದೊಡ್ಡ ಮಗುವಿಂದ. ಬಂದ್ ತಕ್ಷಣ ಬ್ಯಾಗ್ ಎಸೆದು ತೊಟ್ಟಿಲ ಹತ್ರ ಓಡಿ ಕೂಸಿನ ಮುಖಕ್ಕೆ ಮುತ್ತು ಕೊಡತ್ತಲ್ಲ, ಅಲ್ಲೇ ಆಗೋದು. ಕೈ ಸೋಪಲ್ಲಿ 20 ಸೆಕೆಂಡ್ ತೊಳೀಲಿ, ಶೀತ ಇದ್ರೆ ಪಾದಕ್ಕೆ ಮುತ್ತು ಕೊಡು ಅನ್ನಿ, ಮಕ್ಕಳು ಅದಕ್ಕೆ ಒಪ್ತವೆ. ದೊಡ್ಡವರನ್ನ ಒಪ್ಸೋದೇ ಕಷ್ಟ, ನಾಮಕರಣದಲ್ಲಿ ಕೆಮ್ಮಿಕೊಂಡೇ ಬಂದು ಕೂಸನ್ನ ಎತ್ಕೊಳೋ ನೆಂಟ್ರಿಗೆ "ಡಾಕ್ಟರ್ ಬೇಡ ಅಂದಿದಾರೆ" ಅನ್ನಿ, ಯಾರೂ ಎದುರಾಡಲ್ಲ. ಟವೆಲ್, ಲೋಟ ಬೇರೆ ಬೇರೆ ಇಡಿ, ಬಾಗ್ಲು ಹಿಡಿ ರಿಮೋಟ್ ಒರೆಸಿ, ಕಿಟಕಿ ತೆಗೀರಿ. ಕೆಮ್ಮೋ ದೊಡ್ಡವರು ಮಾಸ್ಕ್ ಹಾಕ್ಕೊಳ್ಲಿ, 2 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇಡ, ಉಸಿರು ಕಟ್ಟತ್ತೆ.

65 ದಾಟಿದವರು, ಅಸ್ತಮಾ, ಹಾರ್ಟ್ ತೊಂದರೆ ಇರೋರಿಗೂ ಇದು ಜೋರಾಗೇ ಹಿಡಿಯತ್ತೆ. ತಾತ "ಏನಿಲ್ಲ, ಬರೀ ನೆಗಡಿ" ಅಂತಾನೇ ಇರ್ತಾರೆ, ಕೋವಿಡ್ ಟೈಮಲ್ಲಿ ತಂದ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ತೋರಿಸೋ ಆಕ್ಸಿಮೀಟರ್ ಬೀರೂಲಿ ಇದ್ರೆ ಸೆಲ್ ಬದಲಾಯಿಸಿ ಬೆರಳಿಗೆ ಹಾಕಿ ನೋಡಿ, 94ಕ್ಕಿಂತ ಕೆಳಗೆ ತೋರಿಸಿದ್ರೆ ಅಥವಾ ಒಂದು ಮಾತು ಪೂರ್ತಿ ಆಡೋಕೆ ಏದುಸಿರು ಬರ್ತಿದ್ರೆ ಅವರ ಮಾತು ಕೇಳ್ಬೇಡಿ, ಕರ್ಕೊಂಡ್ ಹೋಗಿ.